ಗಂಗಾಬಾಯಿ ಅಕ್ಕೋರು ಕೊಟ್ಟ ಅಂಕಿ

ತುರುಬಿನಲ್ಲಿ ಹೂವಿನ ಬದಲು ಕೆಂಪು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ ಹೆಂಗಸು ನಮ್ಮ ಸಿಂದಗಿಯಲ್ಲಿ ಒಬ್ಬರೇ. ಅವರು ಗಂಗಾಬಾಯಿ ಅಕ್ಕೋರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ನಿವೃತ್ತರಾಗಿ ವರ್ಷಗಳಾದರೂ ಆ ಪೆನ್ನು ತುರುಬು ಬಿಟ್ಟು ಇಳಿಯಲಿಲ್ಲ. ಅವರದೊಂದು ಬಿಳಿ ವ್ಯಾನಿತ್ತು. ಅದರ ಚಾವಣಿಯ ಮೇಲೆ ಮೂರು ಮೊಳದ ಆಂಟೆನಾ, ಆಂಟೆನಾದ ಬುಡಕ್ಕೆ ಹಳೆಯ ಮೊಪೆಡ್ಡಿನಿಂದ ಕಿತ್ತ ಸ್ಪ್ರಿಂಗು. ವ್ಯಾನು ತಗ್ಗು ದಿನ್ನೆ ಹತ್ತಿಳಿಯುವಾಗ ಮೇಲೆ ಆಂಟೆನಾ ತೂಗುತ್ತಿತ್ತು, ಒಳಗೆ ಅಕ್ಕೋರ ತುರುಬಿನ ಪೆನ್ನು ತೂಗುತ್ತಿತ್ತು.

ವ್ಯಾನಿನ ಹಿಂದಿನ ಸೀಟು ತೆಗೆಸಿ ಅಲ್ಲಿ ಆಯಸ್ಕಾಂತ, ಮಸೂರ, ಗಾಜಿನ ನಳಿಕೆ, ಒಂದು ಹಳೆಯ ಸೂಕ್ಷ್ಮದರ್ಶಕ ಇವನ್ನೆಲ್ಲ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಮುಂದೆ ಗಾಜಿನ ಹತ್ತಿರ ಹೆಬ್ಬೆರಳಿನಷ್ಟು ಎತ್ತರದ ಬಿಳಿ ಬುದ್ಧ. ಸೋಮವಾರ ಇಂಡಿ ಕಡೆ, ಮಂಗಳವಾರ ಸಿಂದಗಿಯ ಸುತ್ತ, ಬುಧವಾರ ಬಸವನ ಬಾಗೇವಾಡಿ, ಗುರುವಾರ ಮುದ್ದೇಬಿಹಾಳ. ಹೀಗೆ ದಿನಕ್ಕೊಂದು ದಿಕ್ಕು ಹಿಡಿದು ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ವಿಜ್ಞಾನದ ಪ್ರಯೋಗ ತೋರಿಸಿ ಬರುತ್ತಿದ್ದರು. ಬರ್ರಿ ಎಂದು ಯಾರೂ ಕರೆದಿರಲಿಲ್ಲ. ಬರಬ್ಯಾಡ್ರಿ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ನನಗೆ ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಲಿಸಿದರು ಎನ್ನುವುದು ಅವರ ಕಡೆಯಿಂದ ಸರಿ, ಕಲಿತೆ ಎಂದು ನಾನು ಹೇಳಲಾರೆ. ಹತ್ತನೆಯ ಇಯತ್ತೆಯ ಪೂರ್ವಭಾವಿ ಪರೀಕ್ಷೆಯಲ್ಲಿ ನನಗೆ ಮೂವತ್ತನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು. ನಾನು ಸ್ಟಾಫ್ ರೂಮಿನ ಬಾಗಿಲಿಗೆ ನಿಂತು ಮುಖ ಆದಷ್ಟೂ ಬಾಡಿಸಿಕೊಂಡು ಕೇಳಿದೆ:

"ಅಕ್ಕೋರ, ಒಂದ ಮಾರ್ಕ್ಸ್ ರಿ."

ಅವರು ತುರುಬಿನ ಪೆನ್ನು ತೆಗೆದರು. ನನಗೆ ಜೀವ ಬಂದಂತಾಯಿತು. ಪೆನ್ನಿನಿಂದ ಕಿವಿಯ ಹಿಂದೆ ತುರಿಸಿಕೊಂಡು ಅದನ್ನು ಮತ್ತೆ ತುರುಬಿಗೆ ಸಿಕ್ಕಿಸಿದರು.

"ಆ ಒಂದು ಅಂಕ ನಾ ಕೊಟ್ಟೆ ಅಂದ್ರ ಅದು ನನ್ನದ ಆಕ್ಕೈತಿ. ನಿನ್ನದಲ್ಲ. ಹೋಗು, ಇನ್ನೊಂದ್ಸಲ ಬರಿ."

ಇದಾಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮುಂದೆ ಹೇಗೋ ಪಾಸಾದೆ, ಡಿಗ್ರಿ ಮುಗಿಸಿದೆ, ದನಗಳ ಔಷಧಿ ಮಾರುವ ಕಂಪನಿಯೊಂದರ ಪ್ರತಿನಿಧಿಯಾದೆ. ಕಾರಿನ ತುಂಬ ಕೆಚ್ಚಲು ಬಾವಿನ ಮುಲಾಮು, ಜಂತಿನ ಗುಳಿಗೆ. ಈ ನಾಲ್ಕೂ ತಾಲೂಕಿನ ಔಷಧಿ ಅಂಗಡಿ ತಿರುಗುವುದು ನನ್ನ ಕೆಲಸ. ಆದರೆ ನನ್ನ ನಿಜವಾದ ಪ್ರತಿಭೆ ಇರುವುದು ದನಿಯಲ್ಲಿ ಎಂದು ನಾನು ಬಹಳ ದಿನ ನಂಬಿದ್ದೆ. ಸುತ್ತಲಿನ ಮದುವೆಗಳಲ್ಲಿ ಮೈಕು ಹಿಡಿಯುವವನು ನಾನೇ. "ಬೀಗರ ಕಡೆಯವರು ದಯಮಾಡಿ ಊಟದ ಮಂಟಪಕ್ಕೆ ಆಗಮಿಸಬೇಕು" ಎಂದು ನಾನು ಹೇಳಿದರೆ ಉಂಡು ಕೈತೊಳೆದವರೂ ಇನ್ನೊಮ್ಮೆ ಎದ್ದು ಬರುತ್ತಾರೆ ಎಂದು ನಮ್ಮ ಮಾವ ಒಂದು ಸಲ ಹೊಗಳಿದ್ದರು. ಅವತ್ತಿನಿಂದ ನಾನು ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ದನಿಯನ್ನು ಹೊಕ್ಕುಳಿನಿಂದ ತರುತ್ತಿದ್ದೆ. ಒಂದು ರೇಡಿಯೋ ಕೇಂದ್ರಕ್ಕೆ ಅರ್ಜಿಯನ್ನೂ ಹಾಕಿದ್ದೆ. ಅವರು ಉತ್ತರ ಬರೆಯಲಿಲ್ಲ. ಅಂಚೆಯವರ ತಪ್ಪಿರಬೇಕೆಂದು ಸಮಾಧಾನ ಮಾಡಿಕೊಂಡೆ.

ಒಂದು ಮಂಗಳವಾರ ಮುಂಜಾನೆ ಕನ್ನೊಳ್ಳಿಯ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಆ ಬಿಳಿ ವ್ಯಾನು ನಿಂತಿತ್ತು. ಕೆಟ್ಟು ನಿಂತಿರಬೇಕೆಂದು ನಾನೂ ಕಾರು ನಿಲ್ಲಿಸಿದೆ. ಒಳಗೆ ಅಕ್ಕೋರು ಕೈಯಲ್ಲಿ ಸಣ್ಣ ಮೈಕು ಹಿಡಿದು ಯಾರ ಹತ್ತಿರವೋ ಮಾತಾಡುತ್ತಿದ್ದರು. ನನ್ನನ್ನು ನೋಡಿ ಸುಮ್ಮನಿರು ಎಂದು ಬೆರಳು ತೋರಿಸಿದರು. ಇಪ್ಪತ್ತು ವರ್ಷವಾದರೂ ಆ ಬೆರಳಿಗೆ ನಾನು ಸುಮ್ಮನಾದೆ. ಹ್ಯಾಮ್ ರೇಡಿಯೋ ಎಂದರೇನೆಂದು ಗೊತ್ತಾದದ್ದು ಅವತ್ತು. ತಂತಿಯಿಲ್ಲ, ಟವರಿಲ್ಲ, ನಡುವೆ ಯಾವ ಕಂಪನಿಯೂ ಇಲ್ಲ. ಒಂದು ವಾಹನದಿಂದ ಎದ್ದ ಮಾತು ನೇರ ಇನ್ನೊಂದು ವಾಹನಕ್ಕೆ ಹೋಗುತ್ತದೆ. ಮೈಕೆಂದರೆ ಜೊಲ್ಲು ಸುರಿಸುವ ನನಗೆ ಇನ್ನೇನು ಬೇಕು?

"ಅಕ್ಕೋರ, ಒಂದೀಟ ನಾನೂ ಮಾತಾಡ್ಲೇನ್ರಿ?"

"ಪರೀಕ್ಷಾ ಬರಿ. ಸರಕಾರ ಲೈಸನ್ಸ್ ಕೊಡ್ತೈತಿ. ಆಮ್ಯಾಲ ಮಾತಾಡು. ಅಲ್ಲೀತನಾ ಇದರಾಗ ಕೆಮ್ಮಾಕೂ ಬಿಡಂಗಿಲ್ಲ ನಾ."

ಎರಡನೆಯ ಸಲಕ್ಕೆ ಪಾಸಾದೆ. ಎಷ್ಟು ಅಂಕದಿಂದ ಎಂದು ಅಕ್ಕೋರು ಕೇಳಿದರು, ನಾನು ಲೈಸನ್ಸಿನ ಮೇಲಿನ ಮೊಹರು ತೋರಿಸಿದೆ.

ಕಾರಿಗೆ ರೇಡಿಯೋ ಕೂರಿಸಿದವನು ಸಿಂದಗಿಯ ದಾವಲಸಾಬ. ಗಾಡಿಗಳ ಬ್ಯಾಟರಿ, ಲೈಟು, ಹಾರ್ನಿನ ಕೆಲಸದಲ್ಲಿ ಅವನಿಗೆ ಸಮನಿಲ್ಲ. ಅಕ್ಕೋರ ವ್ಯಾನಿನ ಆಂಟೆನಾಕ್ಕೆ ಮೊಪೆಡ್ಡಿನ ಸ್ಪ್ರಿಂಗು ಹಾಕಿದವನೂ ಅವನೇ. ಅಕ್ಕೋರು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು, ಅವನು ಮಾಡುತ್ತಿದ್ದ. ನಾನು ಕಾರಿನ ಕನ್ನಡಿಯಲ್ಲಿ ಮೈಕು ಹಿಡಿದ ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅವ್ರ ಕಡೆ ಫೋನ್ ಐತಿ, ನಿಮ್ಮ ಕಡೆ ಫೋನ್ ಐತಿ. ಫೋನ್ ಹಚ್ಚಬಾರ್ದೇನ್ರಿ?" ನಾನು ಕಾರಿನ ಕನ್ನಡಿ ಒರೆಸತೊಡಗಿದೆ.

ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಮಾತು ಶುರುವಾದ ಕೂಡಲೇ ಒಬ್ಬರಿಗೊಬ್ಬರು ಎರಡು ಅಂಕಿ ಹೇಳಬೇಕು. ಮೊದಲನೆಯದು, ನಿನ್ನ ಮಾತು ನನಗೆ ಎಷ್ಟು ತಿಳಿಯುತ್ತಿದೆ ಎಂದು, ಐದಕ್ಕೆ ಇಷ್ಟು. ಎರಡನೆಯದು, ನಿನ್ನ ಅಲೆ ಎಷ್ಟು ಜೋರಾಗಿ ಬರುತ್ತಿದೆ ಎಂದು, ಒಂಬತ್ತಕ್ಕೆ ಇಷ್ಟು. ಇದನ್ನು ರೇಡಿಯೋದ ಮುಖದ ಮೇಲಿನ ಮೀಟರಿನ ಮುಳ್ಳು ನೋಡಿ ಹೇಳುತ್ತಾರೆ. ಐದು-ಒಂಬತ್ತು ಎಂದರೆ ನೂರಕ್ಕೆ ನೂರು. ನಿಜ ಹೇಳಬೇಕೆಂದರೆ ಬಹಳ ಮಂದಿ ಎಲ್ಲರಿಗೂ ಐದು-ಒಂಬತ್ತೇ ಕೊಡುತ್ತಾರೆ. ಮದುವೆ ಮನೆಯಿಂದ ಹೊರಡುವಾಗ ಊಟ ಭಾಳ ಛಲೋ ಆಗಿತ್ತು ಅಂದುಬಿಡುವ ಹಾಗೆ. ಸೋಲಾಪುರ ಕಡೆಯ ಒಬ್ಬರು ನನಗೆ ಮೊದಲ ದಿನವೇ ಐದು-ಒಂಬತ್ತು ಕೊಟ್ಟರು, ಕೊಟ್ಟ ಮೇಲೆ ನನ್ನ ಹೆಸರೇನೆಂದು ಮೂರು ಸಲ ಕೇಳಿದರು.

ಅಕ್ಕೋರಿಗೆ ನಾನು ಮೊದಲ ಸಲ ಮಾತಾಡಿದ್ದು ಇಂಡಿಯ ದಾರಿಯಲ್ಲಿ, ಲಚ್ಯಾಣದ ಹತ್ತಿರದಿಂದ. ಗಂಟಲು ಸರಿಮಾಡಿಕೊಂಡು, ಬೀಗರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಲೈಸನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು, ಅಂದರೆ ನನ್ನ ಕಾಲ್‌ಸೈನು ಹೇಳಿ, ಸುಪ್ರಭಾತ ಹೇಳಿ, ಹವಾಮಾನ ವರ್ಣಿಸಿದೆ. ಆ ಕಡೆಯಿಂದ ಉತ್ತರ ಬಂತು.

"ಬಸವರಾಜ, ನಿಮಗ ಎರಡು-ಏಳು. ಮತ್ತ ಹೇಳ್ತೇನಿ, ಎರಡು-ಏಳು. ದನಿ ಬರಾಕತ್ತೈತಿ, ಮಾತು ಬರವಲ್ದು. ಹಿಂದ ಯಾರೋ ಹಿಟ್ಟಿನ ಗಿರಣಿ ಹಾಕ್ಯಾರ."

ಗಿರಣಿ ಎಂದರೆ ನನ್ನ ಕಾರಿನ ಎಂಜಿನ್ನು. ಓಡುವ ಎಂಜಿನ್ನಿನ ಗುಂಯ್ ಎನ್ನುವ ಸದ್ದು ತಂತಿ ಹಿಡಿದು ಮೈಕಿನೊಳಕ್ಕೆ ಬರುತ್ತಿತ್ತು. ರೇಡಿಯೋದಲ್ಲಿ ಅಕ್ಕೋರು ನನಗೆ ಬಹುವಚನ ಹಚ್ಚುತ್ತಿದ್ದರು, ಅದು ಶಿಸ್ತು. ಎದುರು ಸಿಕ್ಕರೆ ಮತ್ತೆ ಬಸ್ಯಾ. ಅವತ್ತು ಮಧ್ಯಾಹ್ನ ಇಂಡಿಯಲ್ಲಿ ಸಿಕ್ಕಾಗ ಹೇಳಿದರು: "ಬಸ್ಯಾ, ಗಾಡಿ ನಿಂದ್ರಿಸಿ ಮಾತಾಡು. ಗಿಡದ ಬುಡಕ ನಿಂದ್ರು, ಎಂಜಿನ್ ಬಂದ್ ಮಾಡು, ಮೊದಲ ಕೇಳು, ಆಮ್ಯಾಲ ಬಾಯಿ ತಗಿ. ರಸ್ತೇನೂ ಉಳೀತೈತಿ, ಮಾತೂ ಉಳೀತೈತಿ."

ಅವತ್ತಿನಿಂದ ನನ್ನ ಜೀವನಕ್ಕೊಂದು ಗುರಿ ಸಿಕ್ಕಿತು. ಗಂಗಾಬಾಯಿ ಅಕ್ಕೋರ ಬಾಯಿಂದ ಐದು-ಒಂಬತ್ತು ಹೇಳಿಸಬೇಕು. ಹಳೆಯ ಮೂವತ್ತನಾಲ್ಕರ ಸೇಡು ಎನ್ನಿ, ಏನಾದರೂ ಅನ್ನಿ. ನನ್ನ ತಿರುಗಾಟವನ್ನು ಅವರ ತಿರುಗಾಟಕ್ಕೆ ಹೊಂದಿಸಿಕೊಂಡೆ. ಅವರು ಯಾವ ದಿಕ್ಕಿಗೋ ನಾನೂ ಅದೇ ದಿಕ್ಕಿಗೆ. ದಿನಾಲೂ ಮುಂಜಾನೆ ಎಂಟೂಕಾಲಿಗೆ ಇಬ್ಬರೂ ಎಲ್ಲಿದ್ದಲ್ಲಿ ಗಿಡ ನೋಡಿ ನಿಲ್ಲುವುದು, ಮಾತಾಡುವುದು. ಆಂಟೆನಾ ಬದಲಿಸಿದೆ, ವಯರು ಬದಲಿಸಿದೆ, ಮೈಕು ಬದಲಿಸಿದೆ. ಮೂರು-ಏಳು ಬಂತು. ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದೆ. ಮೂರು-ಏಳೇ ಬಂತು. "ಮದವಿ ದನಿ ಬ್ಯಾಡ್ರಿ, ಮನಿ ದನೀಲೆ ಮಾತಾಡ್ರಿ" ಎಂದರು. ಮನೆಯ ದನಿ ಯಾವುದೆಂದು ನೆನಪು ಮಾಡಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ಆಗ ನಾಲ್ಕು-ಎಂಟು ಬಂತು. ಅಲ್ಲಿಗೆ ನಿಂತಿತು.

ಸುಳ್ಳು ಅಂಕಿ ಎಂದರೆ ಅವರಿಗೆ ಎಷ್ಟು ಸಿಟ್ಟು ಎಂದು ಗೊತ್ತಾದದ್ದು ಹೊರ್ತಿಯಲ್ಲಿ. ಒಂದು ಸೋಮವಾರ ನಾನು ಹೊರ್ತಿಯ ಹತ್ತಿರ ಒಂದು ನಿಂಬೆ ತೋಟದ ಬದಿಗೆ ಕಾರು ನಿಲ್ಲಿಸಿ ಆಗಷ್ಟೇ ಅಕ್ಕೋರನ್ನು ಕರೆದಿದ್ದೆ. ತೋಟದ ಯಜಮಾನ ಸಿದ್ದಪ್ಪ, ಹಣ್ಣು ಮುದುಕ, ಟಾವೆಲ್ ಹೆಗಲಿಗೆ ಹಾಕಿಕೊಂಡು ಓಡುತ್ತಲೇ ಬಂದ. ಆಂಟೆನಾ ಮುಟ್ಟಿ ನೋಡಿದ.

"ಬರ್ರಿ ಸಾಹೇಬ್ರ. ಪಾಯಿಂಟ್ ನೋಡಾಕ ಬಂದೀರೇನ್ರಿ?"

ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ನೋಡುವವರು ತೆಂಗಿನಕಾಯಿ ಹಿಡಿದು ಬರುವ ಕಾಲ ಹೋಗಿ ಈಗ ಮಷೀನು ಹಿಡಿದು ಬರುತ್ತಾರೆ. ಇಂಥ ಕಡ್ಡಿ ಹೊತ್ತ ಕಾರು ನೀರು ನೋಡುವುದಕ್ಕಲ್ಲದೆ ಮತ್ತೇಕೆ ಬರಬೇಕು ಎಂಬುದು ಮುದುಕನ ತರ್ಕ. ಅಲ್ಲ ಎಂದು ನಾನು ಕೂಡಲೇ ಹೇಳಬೇಕಿತ್ತು. ಆದರೆ ಸಾಹೇಬ್ರ ಎನಿಸಿಕೊಂಡ ಸುಖದಲ್ಲಿ ಎರಡು ನಿಮಿಷ ತಡ ಮಾಡಿದೆ. ಅಷ್ಟರಲ್ಲಿ ರೇಡಿಯೋದಿಂದ ಅಕ್ಕೋರ ದನಿ ಬಂತು: "ನಿಮಗ ಮೂರು-ನಾಲ್ಕು. ಮತ್ತ ಹೇಳ್ತೇನಿ, ಮೂರು-ನಾಲ್ಕು."

ಸಿದ್ದಪ್ಪ ಕಾರಿಗೆ ಕೈಮುಗಿದ. "ಮುನ್ನೂರ ನಾಲ್ವತ್ತು ಫೂಟಿಗೆ ಐತಂತ!" ಎಂದು ಕೂಗಿ ಕಾರಿನ ಎಡಗಾಲಿಯ ಪಕ್ಕ ಒಂದು ಕಲ್ಲು ನಿಲ್ಲಿಸಿದ. ನಾನು ಬಾಯಿ ತೆರೆಯುವುದರೊಳಗೆ ಬುಟ್ಟಿ ತುಂಬ ನಿಂಬೆಹಣ್ಣು ಡಿಕ್ಕಿಗೆ ಬಂದು ಬಿತ್ತು. ಮುದುಕ ಖುಷಿಯಾಗಿದ್ದಾನೆ, ಎಂದಾದರೂ ಕೊರೆಸುವವನೇ, ಆ ಜಾಗವೇನು ಈ ಜಾಗವೇನು ಎಂದು ಹೊರಟುಬಿಟ್ಟೆ. ಮಧ್ಯಾಹ್ನ ಅಕ್ಕೋರಿಗೆ ಇದನ್ನು ನಗುತ್ತ ಹೇಳಿದೆ. ಅವರು ನಗಲಿಲ್ಲ.

"ಈಗಿಂದೀಗ ಹೊಳ್ಳಿ ಹೋಗು."

"ನಾ ಏನೂ ಹೇಳಿಲ್ರಿ ಅಕ್ಕೋರ, ಅಂವನ ತಿಳ್ಕೊಂಡ."

"ಅಂವ ತಿಳ್ಕೊಳ್ಳಾಕತ್ತಾಗ ನೀ ಸುಮ್ನ ಕುಂತಿದ್ದಿ. ನನ್ನ ಅಂಕಿ ಹಿಡ್ಕೊಂಡು ಅಂವ ಭೂಮಿ ಕೊರಸ್ತಾನ. ಹೋಗು, ಆ ಕಲ್ಲು ನಿನ್ನ ಕೈಲೆ ಕೀಳು."

ಬಿಸಿಲಿನಲ್ಲಿ ಹೊರ್ತಿಗೆ ವಾಪಸ್ಸು ಹೋದೆ. ಶುಕ್ರವಾರಕ್ಕೆ ಕೊರೆಯುವ ಮಷೀನು ಬರಲು ಸಿದ್ದಪ್ಪ ಆಗಲೇ ಫೋನು ಮಾಡಿಬಿಟ್ಟಿದ್ದ. ನಾನು ದನದ ಔಷಧಿ ಮಾರುವವನು, ಆ ಅಂಕಿ ನನ್ನ ದನಿಗೆ ಬಂದ ಮಾರ್ಕ್ಸು ಎಂದು ತಿಳಿಸಿ ಹೇಳುವಷ್ಟರಲ್ಲಿ ಸುತ್ತ ಹತ್ತು ಜನ ಸೇರಿದ್ದರು. ಕಲ್ಲು ಕಿತ್ತು ಬದುವಿಗೆ ಎಸೆದೆ. ಸಿದ್ದಪ್ಪ ಟಾವೆಲಿನಿಂದ ಮುಖ ಒರೆಸಿಕೊಂಡು, "ಒಂಬತ್ತಕ್ಕ ನಾಕ ಏನ್ರಿ? ಅಷ್ಟೂ ಕೆಟ್ಟಿಲ್ಲ ಬಿಡ್ರಿ ನಿಮ್ಮ ದನಿ" ಎಂದು ಸಮಾಧಾನ ಹೇಳಿ ಶರಬತ್ತು ಕುಡಿಸಿ ಕಳಿಸಿದ.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಒಂದು ಬೇಸಿಗೆ ಕಳೆದು ಶಾಲೆ ಶುರುವಾದರೂ ಅಕ್ಕೋರ ವ್ಯಾನು ರಸ್ತೆಗೆ ಬರಲಿಲ್ಲ. ಮೊಣಕಾಲು ನೋವು, ಈಗ ಮನೆಯ ಮುಂದೆ ನಿಂತ ವ್ಯಾನಿನಲ್ಲೇ ಕುಳಿತು ಎಂಟೂಕಾಲಿಗೆ ಮಾತಾಡುತ್ತೇನೆ ಎಂದರು. ನಾನು ದಿನಾಲೂ ಮೊದಲು ಕನ್ನೊಳ್ಳಿಯ ಬೇವಿನ ಗಿಡದ ಕೆಳಗೆ ನಿಂತು ಕರೆಯುವುದು, ಅವರು ಸಿಂದಗಿಯಿಂದ ಉತ್ತರಿಸುವುದು. ಅಂಥ ಒಂದು ಮಂಗಳವಾರ ಆ ಮಾತು ಬಂತು.

"ಬಸವರಾಜ, ಐದು-ಒಂಬತ್ತು. ಮತ್ತ ಹೇಳ್ತೇನಿ, ಐದು-ಒಂಬತ್ತು."

ನಾನು ಕಾರಿನಿಂದ ಇಳಿದು ಬೇವಿನ ಗಿಡವನ್ನು ಒಂದು ಸುತ್ತು ಹಾಕಿದೆ. ಸಿಂದಗಿಗೆ ಬಂದವನೇ ಒಂದು ಕಿಲೊ ಪೇಡೆ ಕಟ್ಟಿಸಿ ದಾವಲಸಾಬನಿಂದ ಹಿಡಿದು ಔಷಧಿ ಅಂಗಡಿಯ ಹುಡುಗರತನಕ ಹಂಚಿದೆ. ಗಂಡು ಹುಟ್ಟಿತೇನೋ ಎಂದು ಕೆಲವರು ಕೇಳಿದರು. ನನಗೆ ಇರುವವರು ಇಬ್ಬರು ಹೈಸ್ಕೂಲು ಓದುವ ಹೆಣ್ಣುಮಕ್ಕಳು. ಮರುದಿನವೂ ಐದು-ಒಂಬತ್ತು. ಅದರ ಮರುದಿನವೂ. ನಾನು ಬೇರೆಯವರ ಜೊತೆ ಮಾತಾಡುವುದನ್ನೇ ಬಿಟ್ಟೆ, ನೂರಕ್ಕೆ ನೂರು ಬಂದವನು ಇನ್ನೊಬ್ಬರಿಗೆ ಯಾಕೆ ಪರೀಕ್ಷೆ ಕೊಡಬೇಕು? ಮೊಣಕಾಲು ಹೇಗಿದೆ ಎಂದು ನಾನು ಕೇಳಿದರೆ ಅಕ್ಕೋರು ಮೋಡದ ಮಾತು ಆಡುತ್ತಿದ್ದರು. ಮೋಡದ ಮಾತು ನಾನು ಎತ್ತಿದರೆ ಅವರು ತಂಗಿಯ ಮನೆಯ ಸುದ್ದಿ ಹೇಳುತ್ತಿದ್ದರು. ಕೇಳಿದ್ದಕ್ಕೆ ಒಂದಕ್ಕಾದರೂ ಉತ್ತರ ಬರುತ್ತಿಲ್ಲ ಎಂಬುದು ನನ್ನ ಗಮನಕ್ಕೇ ಬರಲಿಲ್ಲ. ಅಂಕಿ ಕೇಳಿದ ಮೇಲೆ ನಾನು ಮುಂದಿನದನ್ನು ಕೇಳುತ್ತಲೇ ಇರಲಿಲ್ಲ. ಮೊದಲು ಕೇಳು ಎಂದು ಅವರು ಹೇಳಿಕೊಟ್ಟ ಪಾಠ ನನಗೆ ಹತ್ತಿದ್ದು ಇಷ್ಟು.

ಮಳೆ ಹಿಡಿದ ಮೇಲೆ ಕಾರಿನ ಹಾರ್ನು ಕೆಟ್ಟಿತೆಂದು ದಾವಲಸಾಬನ ಹತ್ತಿರ ಬಿಟ್ಟಿದ್ದೆ. ಅವನು ರೇಡಿಯೋದ ಮೈಕನ್ನೂ ಬಿಚ್ಚಿ ನೋಡುತ್ತ ಕುಳಿತಿದ್ದ.

"ಸಾಹೇಬ್ರ, ನೀವು ಇದರಾಗ ಮಾತಾಡಿ ಎಷ್ಟು ದಿನ ಆತ್ರಿ?"

"ದಿನಾ ಮಾತಾಡ್ತೇನಲ್ಲೋ. ಇವತ್ತು ಮುಂಜಾನೇನೂ ಮಾತಾಡೀನಿ. ಐದು-ಒಂಬತ್ತು."

"ಆಗೂದಿಲ್ಲ ಬಿಡ್ರಿ." ಅವನು ಮೈಕಿನೊಳಗಿನ ಕೂದಲೆಳೆಯಂಥ ವಯರನ್ನು ಇಕ್ಕಳದಿಂದ ಎತ್ತಿ ತೋರಿಸಿದ. "ಇದು ಹರದೈತಿ. ತುದಿ ಹಸರಾಗೈತಿ ನೋಡ್ರಿ, ಒಂದು ತಿಂಗಳಾದ್ರೂ ಆಗಿರಬೇಕು. ಮೈಕಿನ ಗುಂಡಿ ಒತ್ತಿದ್ರ ಅಲೆ ಹೋಗ್ತೈತಿ, ಅವ್ರ ಮೀಟರಿನ ಮುಳ್ಳು ಏಳ್ತೈತಿ. ಖರೆ, ಮಾತು ಹೋಗಂಗಿಲ್ರಿ."

ಒಂದು ತಿಂಗಳು ನಾನು ಬೇವಿನ ಗಿಡದ ಕೆಳಗೆ ಕುಳಿತು ಮೌನವನ್ನು ಕಳಿಸಿದ್ದೆ, ಮೌನಕ್ಕೆ ಐದು-ಒಂಬತ್ತು ಬಂದಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ಅಕ್ಕೋರು ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಜಗಳವಾಡಲೆಂದೇ ಅವರ ಮನೆಗೆ ಹೋದೆ. ಅಕ್ಕೋರು ಗೇಟಿಗೆ ಬೆನ್ನು ಹಾಕಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. "ಅಕ್ಕೋರ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ, ಮದುವೆಯ ದನಿಯಲ್ಲೇ, "ಅಕ್ಕೋರ!" ಎಂದೆ. ಆಚೆ ಮನೆಯವರು ಕಿಟಕಿಯಿಂದ ಇಣುಕಿದರು. ಅಕ್ಕೋರು ಮಾತ್ರ ತಂಬಿಗೆಯಲ್ಲಿದ್ದ ನೀರು ಪೂರ್ತಿ ಮುಗಿಯುವವರೆಗೂ ಹಾಗೇ ನಿಂತಿದ್ದರು. ಅವರಿಗೆ ಕಿವಿ ಕೇಳಿಸುವುದಿಲ್ಲವೆಂದು ನನಗೆ ಆಗ ತಿಳಿಯಿತು.

ತಿರುಗಿ ನನ್ನನ್ನು ನೋಡಿದಾಗ ಅವರಿಗೂ ಎಲ್ಲ ತಿಳಿಯಿತು. ವ್ಯಾನಿನ ಬಾಗಿಲು ತೆಗೆದು, ದಿನದ ಮಾತುಕತೆ ಬರೆದಿಡುವ ನೋಟುಬುಕ್ಕು ತಂದು ನನ್ನ ಕೈಗಿಟ್ಟರು. ಕೆಂಪು ಪೆನ್ನಿನಲ್ಲಿ ಒಂದರ ಕೆಳಗೊಂದು ನನ್ನ ಹೆಸರು. ಪ್ರತಿ ಹೆಸರಿನ ಮುಂದೆ ಒಂದೇ ಒಕ್ಕಣೆ: "ಕೊಟ್ಟದ್ದು 5-9. ಕೇಳಿಸಲಿಲ್ಲ." ಮೌನದ ತಿಂಗಳಿಗಿಂತ ಎಷ್ಟೋ ಹಿಂದಿನಿಂದ, ಪೇಡೆ ಹಂಚಿದ ಆ ಮೊದಲ ಮಂಗಳವಾರದಿಂದಲೇ, ಅದೇ ಸಾಲು.

ಶಾಲೆಯ ಪೆಟ್ಟಿಗೆಯಿಂದ ಪಾಟಿ, ಬಳಪ ತಂದುಕೊಟ್ಟರು. ನಾನು "ಯಾಕ್ರಿ?" ಎಂದು ಬರೆದೆ.

"ಮೂರು-ಐದು ಅಂತ ಹೇಳಿದ್ರ ನೀ ಸುಮ್ನ ಕುಂಡ್ರತಿದ್ದೇನು? ಯಾಕ್ರಿ ಅಂತಿದ್ದಿ, ಈಗ ಹ್ಯಾಂಗ್ರಿ ಅಂತಿದ್ದಿ, ಆಂಟೆನಾ ತಿರುವಿ ಮತ್ತ ಕೇಳ್ತಿದ್ದಿ." ಅವರ ದನಿ ಮೊದಲಿಗಿಂತ ಎತ್ತರವಾಗಿತ್ತು. ತಮ್ಮ ದನಿ ತಮಗೇ ಕೇಳಿಸದವರು ಮಾತಾಡುವ ಹಾಗೆ. "ಐದು-ಒಂಬತ್ತು ಕೊಟ್ರ ಯಾರೂ ಹೊಳ್ಳಿ ಏನೂ ಕೇಳೂದಿಲ್ಲ ಬಸ್ಯಾ."

ಡಾಕ್ಟರು ನೋಡಿದ್ದರಂತೆ. ಕಿವಿಗೆ ಹಾಕಿಕೊಳ್ಳುವ ಯಂತ್ರವೂ ಕೆಲಸಕ್ಕೆ ಬರುವುದಿಲ್ಲ ಎಂದಿದ್ದರಂತೆ. ಹಿಂದಿನಿಂದ ಬರುವ ಲಾರಿಯ ಹಾರ್ನು ಕೇಳಿಸಲಿಲ್ಲವೆಂದು ಒಂದು ದಿನ ವ್ಯಾನು ಮನೆಗೆ ತಂದು ನಿಲ್ಲಿಸಿದವರು ಮತ್ತೆ ಓಡಿಸಿರಲಿಲ್ಲ. ಹಾಗಾದರೆ ರೇಡಿಯೋ ಬಂದ್ ಮಾಡಬಹುದಿತ್ತಲ್ಲ ಎಂದು ಬರೆದೆ. ಬರೆದ ಮೇಲೆ ಬರೆಯಬಾರದಿತ್ತು ಅನ್ನಿಸಿತು.

"ಎಂಟೂಕಾಲಿಗೆ ಮುಳ್ಳು ಏಳ್ತೈತಿ. ನೀ ಮಾತು ಮುಗಿಸಿದ್ರ ಬೀಳ್ತೈತಿ. ಅದನ್ನ ನೋಡಾಕ ಕುಂಡ್ರತಿದ್ನಿ." ನನ್ನ ಕೈಯಿಂದ ನೋಟುಬುಕ್ಕು ತೆಗೆದುಕೊಂಡು ಹೇಳಿದರು, "ಸುಳ್ಳು ಅಂಕಿ ಕೊಟ್ಟೆ ನೋಡು. ಸಾಲ್ಯಾಗ ಒಬ್ಬರಿಗೂ ಕೊಟ್ಟಿರಲಿಲ್ಲ."

ನನಗೆ ಅಳು ಬಂತು. ಅವರು ಕಿವುಡಾದರೆಂದು ಅಷ್ಟೇ ಅಲ್ಲ. ಇಷ್ಟು ದಿನ ಅವರ ದನಿ ಸ್ವಚ್ಛವಾಗಿ ಕೇಳಿಸುತ್ತಿದ್ದರೂ ನಾನು ಅವರಿಗಿಂತ ದೊಡ್ಡ ಕಿವುಡನಾಗಿದ್ದೆ. ಪಾಟಿಯನ್ನು ಅಂಗಿಯ ತೋಳಿನಿಂದ ಒರೆಸುತ್ತ ಮುಖ ಕೆಳಗೆ ಹಾಕಿದೆ. ಅಕ್ಕೋರು ತುರುಬಿನಿಂದ ಪೆನ್ನು ತೆಗೆದು ನೋಟುಬುಕ್ಕಿನ ಕೊನೆಯ ಹಾಳೆ ಹರಿದು ಚುಕ್ಕಿ, ಗೆರೆ, ಚುಕ್ಕಿ ಎಂದು ಸಾಲಾಗಿ ಬರೆಯತೊಡಗಿದರು. ಹಿಂದೆ ತಂತಿ ಕಚೇರಿಯವರು ಬಳಸುತ್ತಿದ್ದ ಮೋರ್ಸ್ ಅಕ್ಷರಮಾಲೆ. ಗುಂಡಿಯನ್ನು ಚಟ್ಟನೆ ಒತ್ತಿ ಬಿಟ್ಟರೆ ಚುಕ್ಕಿ, ಹಿಡಿದು ಬಿಟ್ಟರೆ ಗೆರೆ. ಹಳೆಯ ಕಾಲದಲ್ಲಿ ಲೈಸನ್ಸ್ ಪಡೆದ ಅವರು ಅದನ್ನು ಕಲಿತು ಪಾಸಾದವರು. ನಾನು ಅದು ಬೇಕಿಲ್ಲದ ಸುಲಭದ ಲೈಸನ್ಸು ಹಿಡಿದವನು.

"ಕಿವಿ ಹೋಗೈತಿ, ಕಣ್ಣು ಅದಾವ. ಮುಳ್ಳು ನೋಡಿ ಓದ್ತೇನಿ. ಇದನ್ನ ಕಲಿ, ಬಸ್ಯಾ. ಖರೆ ಅಂಕಿ ಕೊಡ್ತೇನಿ."

ಆ ದೀಪಾವಳಿಯ ಹೊತ್ತಿಗೆ ಅಕ್ಕೋರು ಬಸವನ ಬಾಗೇವಾಡಿಯಲ್ಲಿದ್ದ ತಂಗಿ ಸುಮಿತ್ರಾಬಾಯಿಯ ಮನೆಗೆ ಹೋದರು. ದಾವಲಸಾಬ ವ್ಯಾನಿನ ರೇಡಿಯೋ ಬಿಚ್ಚಿ ಒಯ್ದು ಅಲ್ಲಿನ ಕಿಟಕಿಯ ಹತ್ತಿರ ಇಟ್ಟು, ಆಂಟೆನಾವನ್ನು ಮೊಪೆಡ್ ಸ್ಪ್ರಿಂಗಿನ ಸಮೇತ ಮಾಳಿಗೆಯ ಮೇಲೆ ನಿಲ್ಲಿಸಿ ಬಂದ. ನನ್ನದು ಬುಧವಾರ ಬಾಗೇವಾಡಿಯ ಸರದಿ. ಮುದ್ದೇಬಿಹಾಳದ ದಾರಿಯಲ್ಲಿ ಒಂದು ಗಿಡ ಹುಡುಕಿ, ಎಂಜಿನ್ ಬಂದ್ ಮಾಡಿ, ಚುಕ್ಕಿ ಗೆರೆಯ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಎಂಟೂಕಾಲಿಗೆ ಗುಂಡಿ ಒತ್ತಿದೆ. ಕಾಲ್‌ಸೈನು ಕಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ನಮಸ್ಕಾರ ಅಕ್ಕೋರ ಎಂದು ಕಳಿಸುವಷ್ಟರಲ್ಲಿ ಆರು ನಿಮಿಷವಾಯಿತು, ಅಂಗಿ ಒದ್ದೆಯಾಯಿತು. ಮದುವೆ ಮೈಕಿನ ವೀರ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆ ಕಡೆಯಿಂದ ಅಕ್ಕೋರ ಎತ್ತರದ ದನಿ ಬಂತು.

"ಬಸವರಾಜ, ಒಂದು-ಒಂಬತ್ತು. ಮತ್ತ ಹೇಳ್ತೇನಿ, ಒಂದು-ಒಂಬತ್ತು. ಚುಕ್ಕಿ ಯಾವ್ದು, ಗೆರಿ ಯಾವ್ದು ಒಂದೂ ತಿಳಿವಲ್ದು."

ಒಂದು! ಇದಕ್ಕಿಂತ ಕೆಳಗೆ ಅಂಕಿಯೇ ಇಲ್ಲ. ನಾನು ಕಾರಿನಲ್ಲಿ ಒಬ್ಬನೇ ಕುಳಿತು ಗಟ್ಟಿಯಾಗಿ ನಕ್ಕೆ. ಐದು-ಒಂಬತ್ತು ಬಂದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಒಂದು ವರ್ಷ ಬುಧವಾರ ತಪ್ಪಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ ತಾಟಿನ ಅಂಚಿಗೆ ಬೆರಳು ಬಡಿಯುವುದು ನೋಡಿ ಹೆಂಡತಿ, "ಮೆಸೇಜ್ ಹಾಕಬಾರ್ದೇನ್ರಿ ಅವ್ರಿಗೆ?" ಎಂದು ಕೇಳಿದಳು. ಈ ಸಲ ಉತ್ತರ ಇತ್ತು. "ಮೆಸೇಜಿಗೆ ಅಕ್ಕೋರು ಮಾರ್ಕ್ಸ್ ಕೊಡಂಗಿಲ್ಲ" ಎಂದೆ. ಚಳಿಗಾಲಕ್ಕೆ ಎರಡಾಯಿತು. ಯುಗಾದಿಗೆ ಮೂರಾಯಿತು. ಮೊಣಕಾಲು ಹೇಗಿದೆ ಎಂದು ಕಳಿಸಿದರೆ ಈಗ ಮೊಣಕಾಲಿನ ಉತ್ತರವೇ ಬರುತ್ತಿತ್ತು. ಹೊರ್ತಿಯ ಸಿದ್ದಪ್ಪನಿಗೆ ಬೇರೆ ಕಡೆ ನೀರು ಸಿಕ್ಕಿತು ಎಂದು ಕಳಿಸಿದ ದಿನ ಅವರು ನಕ್ಕದ್ದು ರೇಡಿಯೋ ತುಂಬ ಕೇಳಿಸಿತು. ತಾವು ನಕ್ಕದ್ದು ಅವರಿಗೆ ಕೇಳಿಸಲಿಲ್ಲ ಎಂಬ ಸಂಕಟ ನನ್ನನ್ನು ಆ ದಿನವೆಲ್ಲ ಬಿಡಲಿಲ್ಲ.

ಆಮೇಲೊಂದು ಬುಧವಾರ ಹಾಳೆ ನೋಡದೆ, ತಪ್ಪಿಲ್ಲದೆ ನಾಲ್ಕು ಸಾಲು ಕಳಿಸಿದೆ. ಗುಂಡಿ ಬಿಟ್ಟು ಕಾದೆ.

"ನಾಲ್ಕು-ಒಂಬತ್ತು. ಎಲ್ಲಾ ತಿಳೀತು. ಗೆರಿ ಇನ್ನೊಂದೀಟ ಉದ್ದ ಬಿಡ್ರಿ, ಅವಸರ ಮಾಡಾಕತ್ತೀರಿ. ಮುಂದಿನ ಬುಧವಾರ ನೋಡೂಣು."

ಮುಂದಿನ ಬುಧವಾರ ಎಂಟೂಕಾಲಿಗೆ ಕರೆದೆ. ಉತ್ತರವಿಲ್ಲ. ಆಂಟೆನಾ ನೋಡಿದೆ, ವಯರು ನೋಡಿದೆ, ಮೈಕು ಬಿಚ್ಚಿ ನೋಡಿದೆ. ತಪ್ಪು ನನ್ನ ಕಡೆಯದೇ ಇರಲಿ ಎಂದು ಅಷ್ಟು ಮನಸಾರೆ ನಾನು ಯಾವತ್ತೂ ಬಯಸಿರಲಿಲ್ಲ. ಕಾರು ಬಾಗೇವಾಡಿಗೆ ತಿರುಗಿಸಿದೆ. ಮನೆಯ ಮುಂದೆ ಚಪ್ಪಲಿಗಳು ಬಹಳ ಇದ್ದವು. ಮುಂಜಾನೆ ಚಹಾ ಕುಡಿದು ರೇಡಿಯೋದ ಮುಂದೆ ಕುಳಿತವರು ಹಾಗೇ ಹೋಗಿಬಿಟ್ಟರು ಎಂದು ಸುಮಿತ್ರಾಬಾಯಿ ಹೇಳಿದರು. ಮುಳ್ಳು ಏಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತಂತೆ.

ಹದಿನೈದು ದಿನ ಬಿಟ್ಟು ಸುಮಿತ್ರಾಬಾಯಿ ಅಕ್ಕೋರ ನೋಟುಬುಕ್ಕನ್ನು ನನಗೆ ಕೊಟ್ಟರು. ನಡುವೆ ಕೆಂಪು ಪೆನ್ನು ಹಾಗೇ ಇತ್ತು. ಕೊನೆಯ ಸಾಲು ಆ ಹಿಂದಿನ ಬುಧವಾರದ್ದು: "ಬಸವರಾಜ. ಕೊಟ್ಟದ್ದು 4-9. ತಿಳಿಯಿತು." ಕೊನೆಗೂ ಒಂದು ಅಂಕ ಕಡಿಮೆಯೇ ಉಳಿಯಿತು. ಕೇಳುವುದಕ್ಕೆ ಸ್ಟಾಫ್ ರೂಮಿನ ಬಾಗಿಲೂ ಇಲ್ಲ. ಕೇಳಿದ್ದರೂ ಅವರು ಕೊಡುತ್ತಿರಲಿಲ್ಲ. ಆ ನಾಲ್ಕು ಮಾತ್ರ ಪೂರ್ತಿ ನನ್ನದು.

ಮೊನ್ನೆ ಕಾರಿನ ಬ್ಯಾಟರಿ ಬದಲಿಸುವಾಗ ದಾವಲಸಾಬ ಆಂಟೆನಾದ ಬುಡ ಹಿಡಿದು ಅಲುಗಾಡಿಸಿ ನೋಡಿದ. ಅವನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು.

"ಸಾಹೇಬ್ರ, ಇನ್ನ ಇದನ್ನ ಬಿಚ್ಚಿಬಿಡ್ಲೇನ್ರಿ?"

"ಬ್ಯಾಡೋ ದಾವಲಸಾಬ," ಎಂದೆ. "ಗೆರಿ ಇನ್ನೊಂದೀಟ ಉದ್ದ ಮಾಡೂದೈತಿ."